ಸಂಪಾದಕರ ಉತ್ತರ: ರೂಪಾಯಿಗೆ ಗೂಟ ಬೇಕೆ?

ದುಬೈಯಲ್ಲಿರುವ ಉಡುಪಿಯ ಓದುಗರೊಬ್ಬರು ಬರೆದಿದ್ದಾರೆ: "ಇಲ್ಲಿಯ ದಿರ್ಹಮ್ 1997ರಿಂದ ಡಾಲರಿಗೆ 3.67ರಲ್ಲೇ ನಿಂತಿದೆ. ನಮ್ಮ ರೂಪಾಯಿಯನ್ನೂ ಹಾಗೆ ಕಟ್ಟಿಹಾಕಲು ಸರ್ಕಾರಕ್ಕೇನು ಕಷ್ಟ?"

ಸ್ವಾಮಿ, ನಿಮ್ಮ ದೇಶಾಭಿಮಾನ ದೊಡ್ಡದು. ರೂಪಾಯಿ ಬಿದ್ದಾಗಲೆಲ್ಲ ನೀವು ಊರಿಗೆ ಕಳಿಸುವ ದಿರ್ಹಮ್‌ಗೆ ಹೆಚ್ಚು ರೂಪಾಯಿ ಸಿಗುತ್ತದೆ ಎಂಬುದನ್ನು ಮಾತ್ರ ಪತ್ರದಲ್ಲಿ ಜಾಣತನದಿಂದ ಮರೆತಿದ್ದೀರಿ.

ಎಣ್ಣೆ ಮಾರಿ ಡಾಲರನ್ನೇ ಎಣಿಸುವ ಪುಟ್ಟ ದೇಶಕ್ಕೆ ಗೂಟ, ಅಂದರೆ ಡಾಲರಿಗೆ ಕಟ್ಟಿದ ಅಲುಗದ ದರ, ಸರಿ. ಒಪ್ಪಿದೆ.

ಅರ್ಜೆಂಟೀನಾ ನೋಡಿ. 1991ರ ಏಪ್ರಿಲ್‌ನಲ್ಲಿ ತನ್ನ ಹಣವನ್ನು ಕಾನೂನು ಮಾಡಿಯೇ ಡಾಲರಿಗೆ ಕಟ್ಟಿಹಾಕಿತು; 1992ರಲ್ಲಿ ಬಂದ ಹೊಸ ಹಣ ಪೆಸೊ ಒಂದು ಡಾಲರಿಗೆ ಸಮ. ಹುಚ್ಚೆದ್ದ ಹಣದುಬ್ಬರ ತಣ್ಣಗಾಯಿತು, ಜಗತ್ತು ಚಪ್ಪಾಳೆ ತಟ್ಟಿತು. 1999ರಲ್ಲಿ ಪಕ್ಕದ ಬ್ರೆಜಿಲ್ ತನ್ನ ಹಣವನ್ನು ಸಡಿಲ ಬಿಟ್ಟಾಗ ಅರ್ಜೆಂಟೀನಾದ ಸರಕು ದುಬಾರಿಯಾಯಿತು. ಪೆಸೊ ಇಳಿಯುವಂತಿರಲಿಲ್ಲ, ಹಾಗಾಗಿ ಕೂಲಿ ಇಳಿಯಿತು, ಕೆಲಸಗಳು ಹೋದವು. 2001ರ ಡಿಸೆಂಬರಿನಲ್ಲಿ ಬ್ಯಾಂಕಿನಿಂದ ವಾರಕ್ಕೆ 250 ಪೆಸೊ ಮಾತ್ರ ತೆಗೆಯಬಹುದು ಎಂದಾಯಿತು. ಬ್ಯೂನಸ್ ಐರಿಸ್‌ನಲ್ಲಿ ಎಂದೂ ಘೋಷಣೆ ಕೂಗದ ಮಧ್ಯಮ ವರ್ಗದವರು ಬಾಣಲೆ ಸೌಟು ಹಿಡಿದು ಬಡಿಯುತ್ತಾ ಬೀದಿಗೆ ಬಂದರು. ಮರುತಿಂಗಳು ಗೂಟ ಕಿತ್ತುಬಂತು.

ನಮಗೂ ಗೂಟದ ರುಚಿ ಗೊತ್ತು. 1966ರ ಜೂನ್‌ನಲ್ಲಿ ಡಾಲರ್ 4.76 ರೂಪಾಯಿಯಿಂದ ಒಂದೇ ಏಟಿಗೆ 7.50ಕ್ಕೆ ಏರಿತು. ವರ್ಷಗಟ್ಟಲೆ ಮುಂದೂಡಿದ ಬಾಕಿ ಒಂದೇ ದಿನ ತೀರಿಸಿದಂತೆ! ಎಂಬತ್ತರ ದಶಕದಲ್ಲಿ, ಡಾಲರಿಗೆ ಸರ್ಕಾರವೇ ಬೆಲೆ ಕಟ್ಟಿ ಅಳೆದು ಕೊಡುತ್ತಿದ್ದಾಗ, ನಾನು ಒಂದು ವಿದೇಶಿ ಪತ್ರಿಕೆಯ ಚಂದಾ ಕಟ್ಟಲು ಹೊರಟೆ. ಬ್ಯಾಂಕಿನ ಗುಮಾಸ್ತರು ಮೂರು ಅರ್ಜಿ ತುಂಬಿಸಿ, ಕನ್ನಡಕದ ಮೇಲಿನಿಂದ ನೋಡಿ, "ಇದೇ ವಿಷಯ ಕನ್ನಡದಲ್ಲಿ ಸಿಗುವುದಿಲ್ಲವೇ?" ಎಂದರು. ಅನುಮತಿ ಬಂದದ್ದು ಮರುವರ್ಷ.

ದೇಶದ ಡಾಲರ್ ದಾಸ್ತಾನು ಬರಿದಾಗುತ್ತ ಬಂದು 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನ ಅಡವಿಗೆಂದು ಲಂಡನ್ನಿಗೆ ಹೋಯಿತು. 1993ರಿಂದ ಬೆಲೆ ಕಟ್ಟುವ ಕೆಲಸ ಮಾರುಕಟ್ಟೆಯದಾಯಿತು. ವಿಪರೀತ ಏರುಪೇರಾದಾಗ ಮಾತ್ರ ಕೈಹಾಕುತ್ತೇನೆ ಎನ್ನುತ್ತದೆ ರಿಸರ್ವ್ ಬ್ಯಾಂಕ್. 1997ರಲ್ಲಿ ಥಾಯ್ಲೆಂಡಿನ ಬಾತ್ ಗೂಟ ಕಳಚಿ ಆರೇಳು ತಿಂಗಳಲ್ಲಿ ಅರ್ಧ ಬೆಲೆಗೆ ಇಳಿದಾಗ ನಾವು ತಗ್ಗಿದೆವು, ಮುರಿಯಲಿಲ್ಲ. ಬಂಡವಾಳ ದೇಶದ ಒಳಗೂ ಹೊರಗೂ ಹರಿಯುವುದರ ಮೇಲಿನ ನಿರ್ಬಂಧವೇ ಕಾಪಾಡಿತು ಎನ್ನುವವರಿದ್ದಾರೆ. ಇರಲಿ.

ನನ್ನ ನಿಜವಾದ ಜಗಳ ನಮ್ಮದೇ ಕಸುಬಿನವರ ಜೊತೆ. ರೂಪಾಯಿ ಹತ್ತು ಪೈಸೆ ಇಳಿದರೆ ಮುಖಪುಟದಲ್ಲಿ ಸೂತಕ. ಅದೇ ದಿನ ಮೂಡಿಗೆರೆಯ ಬೆಳೆಗಾರನ ಕಾಫಿ ಡಾಲರಿನ ಲೆಕ್ಕದಲ್ಲಿ ಮಾರಾಟವಾಗಿ ಚೀಲಕ್ಕೆ ನಾಲ್ಕು ಕಾಸು ಹೆಚ್ಚು ಬಂದರೆ ಅದು ಸುದ್ದಿಯೇ ಅಲ್ಲ. ಪತ್ರಿಕೆಗೆ ಬಂದ ಹೊಸ ಹುಡುಗರಿಗೆ 'ಕುಸಿತ' ಎಂಬ ಪದವನ್ನು ಸೇತುವೆ, ಗುಡ್ಡಗಳಿಗೆ ಮೀಸಲಿಡಿ ಎಂದು ಹೇಳಿ ಹೇಳಿ ಸಾಕಾಗಿದೆ.

ಚಿನ್ನದ ಬೆಲೆ ಕುರಿತ ನಿಮ್ಮ ಎರಡನೆಯ ಪ್ರಶ್ನೆ ಮುಂದಿನ ಸಂಚಿಕೆಗೆ.