ಟ್ಯಾಬ್ ತೆಗೆದ ಕೂಡಲೇ ಟಾಯ್ಲೆಟ್‌ಗೆ ಹೋಗುತ್ತಿದ್ದ ಹುಡುಗ

ಶಾಲೆಗಳಿಗೆ ಟ್ಯಾಬ್ ಬಂದ ಮೇಲೆ ಒಂದೇ ದೂರು ಹೊತ್ತು ನನ್ನ ಹತ್ತಿರ ಸಲಹೆಗೆ ಬರುವ ತಂದೆ ತಾಯಿ ಜಾಸ್ತಿಯಾಗಿದ್ದಾರೆ. "ಮನೇಲಿ ಫೋನ್ ಮುಟ್ಟೋಕೆ ಬಿಡಲ್ಲ. ಶಾಲೆಯವರೇ ಕೈಗೆ ಕೊಟ್ಟು ಕೂರಿಸಿದ್ರೆ ನಾವೇನು ಮಾಡೋದು?" ಅನ್ನುತ್ತಾರೆ. ಅಂಥ ಒಂದು ಮನೆಯ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಮನೆಯವರ ಒಪ್ಪಿಗೆಯೂ ಇದೆ.

ಹುಡುಗನಿಗೆ ಒಂಬತ್ತು ವರ್ಷ. ಪಾಠದ ಮಧ್ಯೆ ಪದೇ ಪದೇ ಟಾಯ್ಲೆಟ್‌ಗೆ ಎದ್ದು ಹೋಗುತ್ತಾನೆ ಅಂತ ಟೀಚರ್ ಡೈರಿಯಲ್ಲಿ ಬರೆದಿದ್ದರು. ಡಾಕ್ಟರಿಗೆ ತೋರಿಸಿದ್ದಾಯಿತು, ಮೈಯಲ್ಲಿ ತೊಂದರೆ ಏನೂ ಇರಲಿಲ್ಲ. "ಸ್ಕ್ರೀನ್ ನೋಡಿ ನೋಡಿ ಹೀಗಾಗಿದ್ದಾನೆ ಮೇಡಂ" ಅನ್ನುವುದು ತಾಯಿಯ ತೀರ್ಮಾನ. ಶಾಲೆಗೆ ಬರೆದ ಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಫೈಲ್ ಮಾಡಿಕೊಂಡು ತಂದಿದ್ದರು.

ಹುಡುಗನ ಕೈಗೆ ಹಾಳೆ ಕೊಟ್ಟೆ. "ನಿನ್ನ ಟೈಮ್‌ಟೇಬಲ್ ಬರಿ, ಎಲ್ಲೆಲ್ಲಿ ಎದ್ದು ಹೋಗ್ತೀಯೋ ಅಲ್ಲಿ ಒಂದು ಚುಕ್ಕಿ ಹಾಕು" ಅಂದೆ. ಸ್ಕೇಲ್ ಕೇಳಿ ಇಸಕೊಂಡು ನೀಟಾಗಿ ಗೆರೆ ಎಳೆದ. ಚುಕ್ಕಿಗಳೆಲ್ಲ ಗಣಿತ ಮತ್ತು ವಿಜ್ಞಾನದ ಪಿರಿಯಡ್‌ಗಳಲ್ಲೇ ಬಿದ್ದವು.

"ಈ ಪಿರಿಯಡ್‌ಗಳಲ್ಲಿ ಏನಿರುತ್ತೆ?"

"ಟ್ಯಾಬ್."

"ನೋಡಿದ್ರಾ ಮೇಡಂ!" ಅಂದರು ತಾಯಿ. ಸ್ವಲ್ಪ ತಾಳಿ ಅಂತ ಕೈಸನ್ನೆ ಮಾಡಿದೆ.

"ಟ್ಯಾಬ್ ಅಂದ್ರೆ ಇಷ್ಟ ಇಲ್ವಾ ನಿನಗೆ?"

"ಇಷ್ಟ."

"ಮತ್ತೆ ಯಾಕೆ ಎದ್ದು ಹೋಗ್ತೀಯ?"

ಅವನು ಅಮ್ಮನ ಮುಖ ನೋಡಲಿಲ್ಲ. ಹಾಕಿದ ಚುಕ್ಕಿಯನ್ನೇ ಮತ್ತೆ ಮತ್ತೆ ತೀಡುತ್ತಾ ಹೇಳಿದ: "ಮನೆಗೆ ಹೋದ ಮೇಲೆ ಅಮ್ಮ ಕೇಳ್ತಾರೆ ಆಂಟಿ, ಇವತ್ತು ಎಷ್ಟು ಹೊತ್ತು ನೋಡ್ದೆ ಅಂತ. ಹೊರಗೆ ಹೋದ್ರೆ ಕಮ್ಮಿ ಹೇಳ್ಬಹುದು. ಸುಳ್ಳು ಹೇಳಿದ ಹಾಗಾಗಲ್ಲ."

"ನಾನು ಅವನ ಒಳ್ಳೇದಕ್ಕೇ ಕೇಳಿದ್ದು" ಅಂದರು ತಾಯಿ. ಅದು ನಿಜವೇ. ಆದರೆ ಟೀಚರಿಗೂ ಬೇಜಾರಾಗಬಾರದು, ಅಮ್ಮನಿಗೂ ಸುಳ್ಳು ಹೇಳಬಾರದು ಅಂತ ಆ ಮಗು ಕಂಡುಕೊಂಡ ದಾರಿ ಟಾಯ್ಲೆಟ್.

ಅವನು ಇನ್ನೊಂದು ಮಾತೂ ಸೇರಿಸಿದ. "ಬೇಗ ಮುಗಿಸಿದೋರು ಗೇಮ್ ಆಡ್ಬಹುದು. ನಾನು ವಾಪಸ್ ಬರೋಷ್ಟರಲ್ಲಿ ಎಲ್ರೂ ಆಡ್ತಿರ್ತಾರೆ. ಪಕ್ಕದವನ ಗೇಮ್ ನೋಡ್ಕೊಂಡು ಲೆಕ್ಕ ಮಾಡ್ತೀನಿ." ಅಷ್ಟೊಂದು ಮೇಲ್ ಬರೆದಿದ್ದ ತಾಯಿಗೆ ಈ ವಿಷಯ ಗೊತ್ತೇ ಇರಲಿಲ್ಲ. ದಿನಾ ನಿಮಿಷ ಕೇಳಿದ್ದರು. ಆ ನಿಮಿಷಗಳಲ್ಲಿ ಏನು ನಡೆಯುತ್ತೆ ಅಂತ ಕೇಳಿರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ, ಆ ಸಂಜೆಯ ಪ್ರಶ್ನೆಯನ್ನು ಅವತ್ತಿನಿಂದಲೇ ನಿಲ್ಲಿಸಬೇಕು ಅಂತ. ತಾಯಿಗೆ ಇದು ಶಾಲೆಯ ಪರ ಮಾತಾಡಿದ ಹಾಗೆ ಕಾಣಿಸಿತು. ಬೇರೆಯವರೂ ಹಾಗೆ ಅನ್ನಬಹುದು. ನಾನು ಒಪ್ಪುವುದಿಲ್ಲ. ತಾಯಿಯ ಚಿಂತೆಗೆ ಆಧಾರ ಇದೆ. ಹಲವು ದೇಶಗಳ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯನ್ನು 2022ರಲ್ಲಿ ಬರೆದ ಹದಿನೈದು ವರ್ಷದ ಮಕ್ಕಳಲ್ಲಿ, ಒಇಸಿಡಿ ಅನ್ನುವ, ಬಹುಪಾಲು ಶ್ರೀಮಂತ ದೇಶಗಳ ಕೂಟದ ಸರಾಸರಿ ತೆಗೆದರೆ, ಸುಮಾರು 65 ಶೇಕಡಾ ಮಂದಿ ಗಣಿತದ ಕೆಲವು ಪಾಠಗಳಲ್ಲಾದರೂ ಡಿಜಿಟಲ್ ಸಾಧನದಿಂದ ಗಮನ ತಪ್ಪುತ್ತದೆ ಅಂದಿದ್ದರು. ಪಕ್ಕದವರ ಸಾಧನದಿಂದ ಗಮನ ತಪ್ಪುತ್ತದೆ ಅಂದವರು 59 ಶೇಕಡಾ. ನಮ್ಮ ಹುಡುಗ ಹೇಳಿದ್ದೂ ಅದನ್ನೇ ಅಲ್ವಾ? ಇಂಥ ಚಿಂತೆ ಇರುವ ತಾಯಿಗೆ "ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂತ ಹೇಳಿ ಕಳಿಸುವುದು ನನ್ನಿಂದಾಗದು. ಆದರೆ ದೊಡ್ಡವರು ದೊಡ್ಡವರ ಹತ್ತಿರ ಕೇಳಬೇಕಾದ ಲೆಕ್ಕವನ್ನು ಒಂಬತ್ತು ವರ್ಷದವನಿಂದ ತರಿಸಿಕೊಳ್ಳುವುದು ತಪ್ಪು. ಈ ವಿಷಯದಲ್ಲಿ ನಾನು ಗಟ್ಟಿ.

ಅವರ ಮೇಲ್‌ಗಳಲ್ಲಿ "ಒಂದು ಗಂಟೆ ಮಿತಿ" ಅಂತ ಪದೇ ಪದೇ ಇತ್ತು. ಬಹಳ ಜನ ಹೀಗೇ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆ ಮಿತಿ ಹೇಳಿದ್ದು ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ. ಅದನ್ನೇ ಹಿಡಿದು ಜಗಳಕ್ಕೆ ನಿಂತರೆ ಶಾಲೆಯವರು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಅದರ ಬದಲು ಒಂದೇ ಒಂದು ಪತ್ರ ಬರೆದೆವು. ಯಾವ ಪಾಠಕ್ಕೆ ಟ್ಯಾಬ್, ಅದೇ ಕೆಲಸ ಪುಸ್ತಕದಲ್ಲಿ ಯಾಕೆ ಆಗುವುದಿಲ್ಲ? ಕೆಲಸ ಮುಗಿಸಿದ ಮಗು ಉಳಿದ ಹೊತ್ತಲ್ಲಿ ಏನು ಮಾಡುತ್ತದೆ? ಉದ್ದದ ಪಾಠಗಳನ್ನು ಎಲ್ಲಿ ಓದಿಸುತ್ತೀರಿ? ಕೊನೆಯ ಪ್ರಶ್ನೆ ಸೇರಿಸಿ ಅಂತ ನಾನೇ ಒತ್ತಾಯ ಮಾಡಿದ್ದು. 54 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ, ಮಾಹಿತಿ ತುಂಬಿದ ಬರಹವನ್ನು ಕಾಗದದಲ್ಲಿ ಓದಿದವರಿಗೇ ಚೆನ್ನಾಗಿ ಅರ್ಥವಾಗಿತ್ತು. ಕತೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ವಿಜ್ಞಾನದ ಪಾಠ ಪುಸ್ತಕದಲ್ಲೇ ಇರಲಿ ಅಂತ ಕೇಳಲು ಇಷ್ಟು ಸಾಕು.

ಮನೆಯಲ್ಲಿ ಸಂಜೆ ಕೇಳಬೇಕೆನಿಸಿದರೆ "ಇವತ್ತು ಏನು ಕಲಿತೆ, ನನಗೂ ತೋರಿಸು" ಅನ್ನಿ ಅಂದೆ.

ಬೇಗ ಮುಗಿಸಿದವರಿಗೆ ಗೇಮ್ ಕೊಡುವುದನ್ನು ಶಾಲೆ ನಿಲ್ಲಿಸಿತು. ಉದ್ದದ ಪಾಠಗಳನ್ನು ಪುಸ್ತಕದಲ್ಲೇ ಓದಿಸುತ್ತೇವೆ ಅಂದರು. ಹೋಂವರ್ಕ್ ಆ್ಯಪ್ ಮಾತ್ರ ಬಿಡಲು ಒಪ್ಪಲಿಲ್ಲ. ಅದಕ್ಕಾಗಿ ತಾಯಿ ಬೇರೆ ಪೋಷಕರನ್ನು ಸೇರಿಸಿಕೊಂಡು ಈಗಲೂ ಮಾತಾಡುತ್ತಿದ್ದಾರೆ, ಮಾತಾಡಲೇಬೇಕು. ಹುಡುಗ ಎದ್ದು ಹೋಗುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಟ್ಯಾಬ್‌ನಲ್ಲಿ ಟೆಸ್ಟ್ ಇರುವ ದಿನ ಈಗಲೂ ಹೋಗುತ್ತಾನೆ. ಅದು ಟ್ಯಾಬಿನ ಭಯವೋ, ಟೆಸ್ಟಿನ ಭಯವೋ ಅಂತ ನಾವಿಬ್ಬರೂ ಕೂತು ಹುಡುಕುತ್ತಿದ್ದೇವೆ.