ಗೋಡೆಯ ಮೇಲಿನ ನೀಲಿ ಬಿಲ್ಲೆ

ಪ್ರಶ್ನೆ: ಮಗಳ ಬಾಣಂತನಕ್ಕೆ ಲಂಡನ್‌ಗೆ ಹೋಗಿದ್ದೆ. ಒಂದು ದಿನ ಅಳಿಯಂದಿರು ಬ್ರೂಕ್ ಸ್ಟ್ರೀಟ್ ತೋರಿಸಿದರು. ಅಲ್ಲಿ ಅಕ್ಕಪಕ್ಕದ ಎರಡು ಮನೆಗಳ ಗೋಡೆಯಲ್ಲಿ ದುಂಡನೆಯ ನೀಲಿ ಬಿಲ್ಲೆಗಳಿದ್ದವು. ಒಂದರಲ್ಲಿ ಹ್ಯಾಂಡೆಲ್ ಹೆಸರು, ಇನ್ನೊಂದರಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರು. ಇವನ್ನು ಯಾರು ಹಾಕುತ್ತಾರೆ? ಯಾರ ಮನೆಗೆ ಬೇಕಾದರೂ ಹಾಕಬಹುದಾ?
– ಓದುಗರು, ಹಾಸನ

ಉತ್ತರ: ಆ ಗೋಡೆಯ ಮುಂದೆ ನಾನೂ ನಿಂತಿದ್ದೇನೆ, ಮಳೆಯಲ್ಲಿ ಕೊಡೆ ಹಿಡಿದುಕೊಂಡು. ಹ್ಯಾಂಡೆಲ್ ಫಲಕದಲ್ಲಿ ಇರೋದು ಇಷ್ಟೇ: ಹೆಸರು, 1685–1759, ಸಂಗೀತ ರಚನಕಾರ, 1723ರಿಂದ ಈ ಮನೆಯಲ್ಲಿದ್ದರು, ಇಲ್ಲೇ ತೀರಿಕೊಂಡರು. ಹೊಗಳಿಕೆಯ ಒಂದು ಮಾತೂ ಇಲ್ಲ. ವೀಣೆ ಪಾಠ ಹೇಳಿಕೊಡುವ ನನಗೆ ಅದನ್ನು ಓದಿ ಮೈ ಜುಮ್ಮೆಂದಿತು.

ಅದು ಬಾಡಿಗೆ ಮನೆ. ಅದರಲ್ಲೇ ಅವರು 36 ವರ್ಷ ಕಳೆದರು. ಮೊದಲ ಮಹಡಿಯ ಮುಂದಿನ ಕೋಣೆಯಲ್ಲಿ ಗಾಯಕರಿಗೆ ತಾಲೀಮು ನಡೆಯುತ್ತಿತ್ತು. 1741ರ ಆಗಸ್ಟ್ 22ರಂದು ‘ಮೆಸ್ಸಾಯ’ ಬರೆಯಲು ಕೂತವರು ಸೆಪ್ಟೆಂಬರ್ 14ಕ್ಕೆ ಮುಗಿಸಿಬಿಟ್ಟರು. ಹಾಡಿದರೆ ಎರಡು ಗಂಟೆ ಮೀರುವ ಕೃತಿ ಅದು. ಬರೆಯಲು ಹಿಡಿದದ್ದು ಬರೀ 24 ದಿನ!

ಪಕ್ಕದ 23ನೇ ನಂಬರಿನ ಮೇಲ್ಮಹಡಿಗೆ ಹೆಂಡ್ರಿಕ್ಸ್ ಬಂದದ್ದು 1968ರಲ್ಲಿ. ಇಲ್ಲಿ ಹ್ಯಾಂಡೆಲ್ ಇದ್ದರು ಅಂತ ಗೊತ್ತಾದ ಮೇಲೆ ಅವರು ಅಂಗಡಿಗೆ ಹೋಗಿ ‘ಮೆಸ್ಸಾಯ’ದ ರೆಕಾರ್ಡ್ ಕೊಂಡು ತಂದರು. ನನಗೆ ತುಂಬ ಇಷ್ಟವಾದ ವಿಷಯ ಇದು. ಇನ್ನೂರು ವರ್ಷ ಹಿಂದಿನ ನೆರೆಯವರ ಹಾಡು ಕೇಳಬೇಕು ಅನ್ನಿಸಿತಲ್ಲ, ಅದೇ ದೊಡ್ಡದು. ಈಗ ಎರಡೂ ಮನೆ ಸೇರಿ ಒಂದೇ ಮ್ಯೂಸಿಯಂ ಆಗಿದೆ.

ಈ ಫಲಕಗಳ ಕೆಲಸ 1866ರಲ್ಲಿ ‘ಸೊಸೈಟಿ ಆಫ್ ಆರ್ಟ್ಸ್’ನಿಂದ ಶುರುವಾಯಿತು. 1986ರಿಂದ ‘ಇಂಗ್ಲಿಷ್ ಹೆರಿಟೇಜ್’ ಅನ್ನುವ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನೋಡಿಕೊಳ್ಳುತ್ತಿದೆ. ಯಾರು ಬೇಕಾದರೂ ಹೆಸರು ಸೂಚಿಸಬಹುದು. ಆದರೆ ಆ ವ್ಯಕ್ತಿ ತೀರಿಕೊಂಡು 20 ವರ್ಷವಾದರೂ ಆಗಿರಬೇಕು. ಫಲಕ ರಸ್ತೆಗೆ ಕಾಣಬೇಕು. ಮನೆ ಮಾಲೀಕರು ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯ, ಅವರು ಇದ್ದ ಮನೆಯೇ ಇನ್ನೂ ನಿಂತಿರಬೇಕು. ಸೈಟ್ ಉಳಿದಿದೆ, ಹೊಸ ಕಟ್ಟಡ ಎದ್ದಿದೆ ಅಂದರೆ ನಡೆಯೋದಿಲ್ಲ.

ಆ ನಿಯಮ ಎಷ್ಟು ಸರಿ ಅಂತ ನನಗೆ ಊರಿಗೆ ಬಂದ ಮೇಲೆ ಅರ್ಥವಾಯಿತು. ನನ್ನ ಗುರುಗಳ ಮನೆಯ ಜಗಲಿ ಮೇಲೆ ಕೂತು ನಾನು ಸರಳೆ ವರಸೆ ಕಲಿತೆ. ಕಲ್ಲಿನ ಕಂಬಕ್ಕೆ ಒರಗಿ ಅವರು ತಾಳ ಹಾಕುತ್ತಿದ್ದರು. ಕಂಬದ ಆ ಜಾಗ ನುಣುಪಾಗಿ ಹೊಳೆಯುತ್ತಿತ್ತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಫಲಕವನ್ನು ಯಾವ ಗೋಡೆಗೆ ಹಾಕೋಣ, ಹೇಳಿ.

ಲಂಡನ್‌ನಲ್ಲೂ ಹೀಗಾಗಿದೆ. 1867ರಲ್ಲಿ ಮೊಟ್ಟಮೊದಲ ಫಲಕ ಹಾಕಿದ್ದು ಕವಿ ಬೈರನ್ ಹುಟ್ಟಿದ ಮನೆಗೆ. 1889ರಲ್ಲಿ ಆ ಮನೆಯನ್ನೇ ಕೆಡವಿದರು.

ಪ್ರಶ್ನೆ: ಆ ಫಲಕ ತಗಡಿನದಾ? ಮಳೆಗೆ ತುಕ್ಕು ಹಿಡಿಯಲ್ವಾ?
– ಓದುಗರು, ಶಿರಸಿ

ಉತ್ತರ: ತಗಡಲ್ಲ, ಸುಟ್ಟ ಪಿಂಗಾಣಿ. ಕೈಯಲ್ಲೇ ಮಾಡುತ್ತಾರೆ. ಅಡ್ಡಳತೆ 495 ಮಿಲಿಮೀಟರ್, ದಪ್ಪ ಸುಮಾರು ಎರಡು ಇಂಚು. ಅಕ್ಷರಗಳ ಅಂಚನ್ನು ನೀರಾದ ಜೇಡಿಯಿಂದ ಎಳೆಯುತ್ತಾರೆ, ನಾವು ಗೋರಂಟಿ ಕೋನ್ ಹಿಡಿದು ಗೆರೆ ಎಳೀತೀವಲ್ಲ, ಹಾಗೆ. ಆಮೇಲೆ ಬಣ್ಣ ತುಂಬಿ ಸುಡುತ್ತಾರೆ. ಮುಖ ನಡುವೆ ಸ್ವಲ್ಪ ಉಬ್ಬಿರುತ್ತದೆ. ಮಳೆ ಬಿದ್ದರೆ ಧೂಳೆಲ್ಲ ತಾನಾಗಿಯೇ ತೊಳೆದು ಹೋಗಲಿ ಅಂತ. ನಾನು ನೋಡಿದ ದಿನ ನೀರು ಹಾಗೇ ಜಾರಿ ಇಳೀತಿತ್ತು.

ಪ್ರಶ್ನೆ: ಲಂಡನ್‌ನ ಸಂಗೀತಗಾರರಿಗೂ ನಮ್ಮ ಮೈಸೂರಿಗೂ ಏನಾದರೂ ನಂಟಿದೆಯೇ?
– ಓದುಗರು, ಮೈಸೂರು

ಉತ್ತರ: ಇದೆ, ಅದೂ ಗಟ್ಟಿ ನಂಟು. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಪಿಯಾನೊ ವಾದಕರು. 1880ರಲ್ಲಿ ಮಾಸ್ಕೊದಲ್ಲಿ ಹುಟ್ಟಿದವರು. 1935ರ ಹೊತ್ತಿಗೆ ಲಂಡನ್‌ಗೆ ಬಂದು ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆಸಿದರು. ಯುದ್ಧದ ವರ್ಷಗಳಲ್ಲಿ ಆದಾಯ ನಿಂತಿತು, ಆರೋಗ್ಯವೂ ಕೆಟ್ಟಿತು. ಆಗ ನೆರವಿಗೆ ಬಂದವರು ನಮ್ಮ ಜಯಚಾಮರಾಜ ಒಡೆಯರ್. ಅವರ ದುಡ್ಡಿನಿಂದ ಮೆಟ್ನರ್ ತಮ್ಮ ಮೂರೂ ಪಿಯಾನೊ ಕನ್ಚೆರ್ಟೊಗಳನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ದೊಡ್ಡ ಕೃತಿಗಳು) ತಾವೇ ನುಡಿಸಿ ರೆಕಾರ್ಡ್ ಮಾಡಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು.

ಮಹಾರಾಜರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಇತ್ತ ಮೈಸೂರಿನಲ್ಲಿ ವಾಸುದೇವಾಚಾರ್ಯರ ಬಳಿ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದವರೂ ಅವರೇ. ಮೆಟ್ನರ್ ಅವರ ಆ ಹಳೆಯ ರೆಕಾರ್ಡ್‌ಗಳು ಈಗಲೂ ಕೇಳಲು ಸಿಗುತ್ತವೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಮ್ಮೆ ಹಾಕಿಕೊಳ್ಳಿ.

ಪ್ರಶ್ನೆ: ನಮ್ಮೂರಿನ ಹಳೆಯ ಸಂಗೀತ ಮೇಷ್ಟ್ರ ಮನೆ ಇನ್ನೂ ಇದೆ. ನಾವೇ ಒಂದು ಫಲಕ ಹಾಕಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಹಾಕಿಸಿ, ತಡ ಮಾಡಬೇಡಿ. ಮೊದಲು ಈಗ ಆ ಮನೆಯಲ್ಲಿರುವವರ ಹತ್ತಿರ ಹೋಗಿ ಕೂತು ಮಾತಾಡಿ. ಅವರು ಮನಸಾರೆ ಒಪ್ಪಲಿ. ಫಲಕದಲ್ಲಿ ದೊಡ್ಡ ದೊಡ್ಡ ಬಿರುದು ಬೇಡ, ಉದ್ಘಾಟನೆಗೆ ಬಂದವರ ಹೆಸರಂತೂ ಬೇಡವೇ ಬೇಡ. ಮೇಷ್ಟ್ರ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ‘ಈ ಮನೆಯಲ್ಲಿ ಇಂಥ ವರ್ಷದಿಂದ ಪಾಠ ಹೇಳಿದರು’ ಅಂತ ಒಂದು ಸಾಲು. ರಸ್ತೆಯಲ್ಲಿ ಹೋಗೋರಿಗೆ ಓದಲು ಬರುವಷ್ಟು ದೊಡ್ಡ ಅಕ್ಷರ ಇರಲಿ. ಹಾಕಿಸಿದ ದಿನ ಒಂದು ಫೋಟೊ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕೋಣ.