ಫ್ಲೆಕ್ಸಿನ ಮೇಲಿನ ‘ಹಾರ್ಧಿಕ’

ಪ್ರಶ್ನೆ: ನಮ್ಮೂರಿನ ಫ್ಲೆಕ್ಸುಗಳಲ್ಲೆಲ್ಲ ‘ಹಾರ್ಧಿಕ ಶುಭಾಷಯಗಳು’ ಎಂದೇ ಇರುತ್ತದೆ. ತಪ್ಪು ಎಂದರೆ ನಗುತ್ತಾರೆ. ಸರಿ ಯಾವುದು, ತಿದ್ದಿಸುವುದು ಹೇಗೆ?
— ಓದುಗರು, ಮದ್ದೂರು

ಉತ್ತರ: ಎರಡು ಪದವೂ ತಪ್ಪೇ. ‘ಹೃದಯ’ದಲ್ಲಿರುವುದು ದ, ಹಾಗಾಗಿ ‘ಹಾರ್ದಿಕ’. ಅರ್ಕಾವತ್ತು ಕಂಡರೆ ಸಾಕು, ದಕಾರದ ಹೊಟ್ಟೆ ಸೀಳುವ ಚಟ ನಮಗೆ. ‘ಅರ್ಧ’, ‘ಸ್ಪರ್ಧೆ’ ನೋಡಿ ಅಂಟಿಕೊಂಡದ್ದಿರಬೇಕು. ಶುಭ, ಆಶಯ ಸೇರಿ ಸವರ್ಣದೀರ್ಘ ಸಂಧಿಯಾದರೆ ‘ಶುಭಾಶಯ’. ‘ಭಾಷಣ’ದ ಷ ಇಲ್ಲಿಗೇಕೆ?

ಕಂಬಕ್ಕೆ ಕಟ್ಟಿದ ಮೇಲೆ ತಿದ್ದುವುದು ಜಗಳಕ್ಕೆ ದಾರಿ. ಡಿಸೈನ್ ಮಾಡುವವರಿಗೆ ಮ್ಯಾಟರನ್ನು ಬಾಯಲ್ಲಿ ಹೇಳದೆ ಬರೆದುಕೊಡಿ. ವಾಟ್ಸಾಪಿಗೆ ಬಂದ ಪ್ರೂಫನ್ನು ದೊಡ್ಡದು ಮಾಡಿ, ಕೊನೆಯ ಪದದಿಂದ ಹಿಂದಕ್ಕೆ ಓದಿ. ಅರ್ಥದ ಓಟಕ್ಕೆ ಕಣ್ಣು ಮೋಸಹೋಗುವುದಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಪಠ್ಯವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಬದಲಿಸಿದಾಗ ಒತ್ತಕ್ಷರ ಜಾರುವುದುಂಟು, ಅದನ್ನೂ ನೋಡಿ.

ಅಂದಹಾಗೆ, ಮಾತಿನಲ್ಲಿ ಯಾರಾದರೂ ಹಾಲಿಗೆ ‘ಆಲು’ ಅಂದರೆ ತಿದ್ದಲು ಹೋಗಬೇಡಿ. ಅದು ಆಡುನುಡಿ, ಕಾಗುಣಿತದ ತಪ್ಪಲ್ಲ.